ಕಮಲಾಪುರಕ್ಕೆ ಹೊರಟ ಪಲಂಗ

ಆ ಭಾನುವಾರದ ಅಷ್ಟೂ ರಂಪಕ್ಕೆ ಕಾರಣವಾದದ್ದು ಪ್ರಹ್ಲಾದರಾಯರ ಬಲಗಾಲಿನ ಕಿರುಬೆರಳು. ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಬಾಗಿಲಿನಿಂದ ಒಳಗೆ ಬರುವಾಗ ಅದು ಪಲಂಗದ ಕಾಲಿಗೆ ಬಡಿಯಿತು. ಇದೇನು ಮೊದಲ ಸಲವಲ್ಲ. ಆರು ವರ್ಷಗಳಿಂದ ಆ ಬೆರಳೂ ಆ ಕಾಲೂ ಆಸ್ತಿ ಹಂಚಿಕೊಳ್ಳದ ಅಣ್ಣತಮ್ಮಂದಿರ ಹಾಗೆ ಎದುರಾದಾಗಲೆಲ್ಲ ಬಡಿದಾಡುತ್ತಲೇ ಇದ್ದವು. ಆದರೆ ಅಂದು ಉಗುರು ಅರ್ಧ ಎದ್ದಿತು, ಹಾಲು ಪೂರ್ತಿ ಚೆಲ್ಲಿತು.

"ಇವತ್ತ ಈ ಮನ್ಯಾಗ ಒಂದ ಇದು ಇರಬೇಕು, ಇಲ್ಲಾ ನಾ ಇರಬೇಕು!" ರಾಯರು ಒಂಟಿಗಾಲಲ್ಲಿ ಕುಣಿಯುತ್ತ ಕೂಗಿದರು.

ಅಡುಗೆಮನೆಯಿಂದ ಹೆಂಡತಿ ಇಂದೂಬಾಯಿಯ ದನಿ ಬಂತು. "ಹಾಲು ಎಲ್ಲಾ ಚೆಲ್ಲಿದ್ರ್ಯಾ?"

ಬೆರಳಿನ ಸುದ್ದಿ ಆಕೆ ಕೇಳಲೇ ಇಲ್ಲ. ರಾಯರ ಸಿಟ್ಟು ಇನ್ನಷ್ಟು ಏರಿತು.

ಖೂಬಾ ಪ್ಲಾಟ್ ಬಡಾವಣೆಯ ಆ ಸಣ್ಣ ಮನೆಯ ನಡುಕೋಣೆಯನ್ನು ಪೂರ್ತಿ ನುಂಗಿ ಕೂತಿದ್ದ ಪಲಂಗ ಇಂದೂಬಾಯಿಯ ಸೋದರತ್ತೆ ಮುಕ್ತಾಬಾಯಿಯವರದು. ಅಪ್ಪಟ ಸಾಗವಾನಿ. ತಲೆಯ ಕಡೆಗೆ ಬಳ್ಳಿ, ನವಿಲು ಕೆತ್ತಿದ ದಪ್ಪ ಹಲಗೆ. ಅದೊಂದೇ ಇಬ್ಬರು ಗಂಡಸರಷ್ಟು ಭಾರ. ಬಿಚ್ಚೋಣವೆಂದರೆ ಮೊಳೆಯಿಲ್ಲ, ಸ್ಕ್ರೂ ಇಲ್ಲ, ಎಲ್ಲ ಮರಕ್ಕೆ ಮರ ಕಚ್ಚಿಕೊಂಡ ಹಳೆಯ ಕಾಲದ ಕೆಲಸ. ಕಮಲಾಪುರದ ತಮ್ಮ ಮನೆಯ ಮಾಳಿಗೆ ಸೋರುತ್ತದೆಂದು, ರಿಪೇರಿ ಮುಗಿಯುವವರೆಗೆ ಇರಲಿ ಎಂದು ಮುಕ್ತಾಬಾಯಿ ಅದನ್ನು ಇಲ್ಲಿಗೆ ಕಳಿಸಿದ್ದರು. ಮಾಳಿಗೆ ರಿಪೇರಿಯಾಗಿ ಎಷ್ಟೋ ಮಳೆಗಾಲ ಕಳೆದವು. ಪಲಂಗ ಮಾತ್ರ ಕದಲಲಿಲ್ಲ. ಅದರ ಮೇಲೆ ಇಂದೂಬಾಯಿ ಮಲಗುತ್ತಿದ್ದಳು. ರಾಯರು ಅದರ ಮೇಲೆ ಮಗ್ಗುಲು ಬದಲಿಸಿದರೆ ಎತ್ತಿನ ಗಾಡಿ ಇಳಿಜಾರಿನಲ್ಲಿ ಇಳಿದ ಸದ್ದಾಗುತ್ತಿತ್ತು. ಹೀಗಾಗಿ ಅವರು ಪಡಸಾಲೆಯಲ್ಲಿ ಮಡಿಚುವ ಕಾಟು ಹಾಕಿಕೊಂಡು ಸೊಳ್ಳೆಗಳ ಜೊತೆ ಸಂಸಾರ ಮಾಡುತ್ತಿದ್ದರು.

"ನಿಮ್ಮ ಅತ್ಯಾಗ ಹೇಳು, ಒಯ್ಯಲಿ" ಎಂದು ರಾಯರು ಎಷ್ಟು ಸಲ ಹೇಳಿದರೂ ಇಂದೂಬಾಯಿಯದು ಒಂದೇ ಉತ್ತರ. "ಆಕೀ ಮನ್ಯಾಗ ಜಾಗಾ ಇಲ್ಲಂತ್ರಿ. ಹಿರೇರಿಗಿ ನಾವ ಹೆಂಗ ಒಯ್ರಿ ಅನ್ನೂದು?"

ಹೀಗಾಗಿ ರಾಯರಿಗೆ ಮುಕ್ತಾಬಾಯಿಯವರ ಮೇಲಿದ್ದ ಸಿಟ್ಟು ಆರು ವರ್ಷದಿಂದ ಮುಚ್ಚಿಟ್ಟ ಉಪ್ಪಿನಕಾಯಿಯಂತೆ ಒಳಗೊಳಗೇ ಹದಗೊಂಡಿತ್ತು.

ಅಂದು ಅವರು ಯಾರನ್ನೂ ಕೇಳಲಿಲ್ಲ. ಸರ್ಕಾರಿ ಹರಾಜಿನಲ್ಲಿ ಕೊಂಡ ತಮ್ಮ ಹಳೆಯ ಜಿಪ್ಸಿ ಜೀಪನ್ನು ಕೆಮ್ಮಿಸಿ, ಸೀನಿಸಿ, ಅಂತೂ ಚಾಲೂ ಮಾಡಿಕೊಂಡು ನೇರ ಸ್ಟೇಶನ್ ಬಜಾರಿನ ಖಾಜಾನ ಗ್ಯಾರೇಜಿಗೆ ಹೋದರು. ಮದುವೆಗಳಿಗೆ ಜನರೇಟರು ಒಯ್ಯಲು ಖಾಜಾ ಮಾಡಿಸಿಕೊಂಡಿದ್ದ ಎರಡು ಗಾಲಿಯ ಸಣ್ಣ ಟ್ರಾಲಿ ಅಲ್ಲಿತ್ತು. ಅದನ್ನು ಜಿಪ್ಸಿಯ ಹಿಂದಿನ ಕೊಕ್ಕೆಗೆ ಸೇರಿಸಿ, ಪಿನ್ನು ಹಾಕಿ, ಪಿನ್ನಿನ ತುದಿಗೆ ಕ್ಲಿಪ್ಪು ಸಿಕ್ಕಿಸಿ, ಮೇಲೊಂದು ಸರಪಳಿ ಬಿಗಿದ ಖಾಜಾನಿಗೆ ರಾಯರು ಪಾಠ ಶುರುಮಾಡಿದರು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರು.

"ಭಾರ ಯಾವಾಗಲೂ ಟ್ರಾಲಿ ಗಾಲಿಗಿಂತ ಒಂದೀಟು ಮುಂದಿರಬೇಕು, ಖಾಜಾ. ಹಿಂದಾತು ಅಂದ್ರ ಟ್ರಾಲಿ ಬಾಲ ಅಲ್ಲಾಡಸ್ತದ, ಗಾಡೀನೂ ಅಲ್ಲಾಡಸ್ತದ. ಮತ್ತ ಈ ಸರಪಳಿ ಅದ ನೋಡು, ಪಿನ್ನು ಕಳಚಿದ್ರೂ ಟ್ರಾಲಿ ಓಡಿ ಹೋಗದಂಗ..."

"ಸಾಬ್," ಖಾಜಾ ಆಕಳಿಸಿದ, "ನಿಮಗ ಎಲ್ಲಾ ಮಾಲೂಮ್ ಅದ. ಒಬ್ಬರಿಗೇ ಗೊತ್ತಿರಲಿ. ದಾರ್ಯಾಗ ನಾಕು ಮಂದೀನ ಕೇಳಬ್ಯಾಡ್ರಿ, ಅಷ್ಟೇ."

ರಾಯರು ಯಾರನ್ನೂ ಕೇಳಲಿಲ್ಲ. ಕೇಳದೆಯೇ ಹೇಳುವವನು ಪಕ್ಕದ ಮನೆಯಲ್ಲೇ ಇದ್ದ.

ಗುರುಲಿಂಗಪ್ಪ ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಒಂದು ದಿನವೂ ಸ್ಟೇರಿಂಗ್ ಮುಟ್ಟದಿದ್ದರೂ, ಜೀವಮಾನವೆಲ್ಲ ಡ್ರೈವರುಗಳ ಹಿಂದೆ ನಿಂತ ಅನುಭವದಿಂದ ಎಲ್ಲ ಗಾಡಿಗಳ ಬಗ್ಗೆಯೂ ಕೊನೆಯ ಮಾತು ತನ್ನದೇ ಎಂದು ತಿಳಿದಿದ್ದ. ಕರೆಯದಿದ್ದರೂ ಬಂದ. ಓಣಿಯ ಗಂಡಸರನ್ನು ಸೇರಿಸಿ, ಪಲಂಗವನ್ನು ಬಾಗಿಲಿನಲ್ಲಿ ಅಡ್ಡಡ್ಡ ತಿರುಗಿಸಿ ಹೊರಗೆ ತರಿಸಿ, ಟ್ರಾಲಿಗೆ ಏರಿಸಿದ. ರಾಯರು ನವಿಲಿನ ಹಲಗೆ ಮುಂದೆ ಬರುವಂತೆ ಇಡಿಸಿ, ಬೆರಳಿಗೆ ಅರಿಸಿನ ಹಚ್ಚಿಕೊಳ್ಳಲು ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಎಲ್ಲದರ ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದಾಗಿತ್ತು. ಗುರುಲಿಂಗಪ್ಪ ಜಿಪ್ಸಿಯ ಮುಂದಿನ ಸೀಟಿನಲ್ಲಿ ಕೂತಿದ್ದ.

"ನೀವೆಲ್ಲಿಗಿ?"

"ಒಬ್ಬರನ್ನ ಹೆಂಗ ಕಳಸ್ಲಿ ಸರ್ರ? ಹಿಂದ ನೋಡಾಕ ಒಬ್ರು ಬೇಕಲ್ಲ."

ಇಂದೂಬಾಯಿ ಬಾಗಿಲಲ್ಲಿ ನಿಂತಿದ್ದಳು. ಜಗಳಕ್ಕೆ ಸಿದ್ಧರಾಗಿದ್ದ ರಾಯರಿಗೆ ಆಕೆ, "ಅತ್ಯಾಗ ನಮಸ್ಕಾರ ಹೇಳ್ರಿ" ಎಂದಷ್ಟೇ ಹೇಳಿದಳು.

ಮೊದಲ ಅನಾಹುತ ಚೌಕದ ತಿರುವಿನಲ್ಲಾಯಿತು. ಟ್ರಾಲಿ ಕಟ್ಟಿಕೊಂಡವರು ದೊಡ್ಡದಾಗಿ ಸುತ್ತಿ ತಿರುಗಬೇಕು, ಇಲ್ಲವಾದರೆ ಟ್ರಾಲಿ ಒಳಗಿನಿಂದ ಮೂಲೆ ಕತ್ತರಿಸಿಕೊಂಡು ಬರುತ್ತದೆ. ರಾಯರಿಗೆ ಅದೂ ಗೊತ್ತಿತ್ತು. ದೊಡ್ಡದಾಗಿ ಸುತ್ತಲೆಂದೇ ಅವರು ಗಾಡಿಯನ್ನು ಅತ್ತ ಎಳೆದರು. "ಅತ್ತ ಯಾಕ ಹೊಂಟ್ರಿ, ಇತ್ತ!" ಎಂದು ಗುರುಲಿಂಗಪ್ಪ ಸ್ಟೇರಿಂಗನ್ನೇ ಹಿಡಿದು ಎಳೆದ. ಟ್ರಾಲಿಯ ಗಾಲಿ ಫುಟ್‌ಪಾತ್ ಹತ್ತಿ, ಪೇರಲ ಹಣ್ಣು ಮಾರುತ್ತಿದ್ದ ರೋಷನಬಿಯ ಬುಟ್ಟಿಗೆ ಮುತ್ತಿಟ್ಟು ನಿಂತಿತು. ಪೇರಲ ಹಣ್ಣುಗಳು ಶಾಲೆ ಬಿಟ್ಟಂತೆ ಚೌಕದ ತುಂಬ ಓಡಿದವು.

"ಆಂಖೇಂ ಹೈಂ ಕ್ಯಾ ಬಟನ್? ಕಣ್ಣೋ ಗುಂಡಿಯೋ? ಹಿಂದ ತಗೀರಿ ಗಾಡಿ!" ರೋಷನಬಿ ಎದ್ದು ನಿಂತಳು.

ಹಿಂದೆ ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಟ್ರಾಲಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ, ಬಲಕ್ಕೆ ಹೋಗಬೇಕಾದರೆ ಎಡಕ್ಕೆ. ರಾಯರು ಮನಸ್ಸಿನಲ್ಲೇ ಲೆಕ್ಕ ಹಾಕಿ ನಿಧಾನವಾಗಿ ಹಿಂದೆ ಸರಿಯತೊಡಗಿದರು. ಗುರುಲಿಂಗಪ್ಪ ಕೆಳಗಿಳಿದು ಹಿಂದೆ ನಿಂತು, ಹಳೆಯ ಹುಮ್ಮಸ್ಸಿನಲ್ಲಿ ಕೂಗಿದ.

"ರೈಟ್, ರೈಟ್!"

ರಾಯರು ಬಲಕ್ಕೆ ತಿರುಗಿಸಿದರು. ಟ್ರಾಲಿ ಮಂಡಿ ಮುರಿದ ಒಂಟೆಯ ಹಾಗೆ ಮಡಚಿಕೊಂಡು ವಿದ್ಯುತ್ ಕಂಬಕ್ಕೆ ಒರಗಿತು.

"ಬಲಕ್ಕ ಯಾಕ ತಿರುವಿದ್ರಿ ಸರ್ರ?"

"ನೀವೇ ರೈಟ್ ಅಂದ್ರಲ್ಲ!"

"ರೈಟ್ ಅಂದ್ರ ಹೋಗ್ಲಿ ಅಂತ! ಬಸ್ಸಿಗಿ ನೀವು ಎಂದೂ ಹತ್ತಿಲ್ಲೇನು?"

ಅಷ್ಟರಲ್ಲಿ ಚೌಕದಲ್ಲಿ ಸೇರಿದ್ದ ಪ್ರತಿಯೊಬ್ಬನೂ ಕೈಯಾಡಿಸತೊಡಗಿದ್ದ. ಆಟೋದವರು ಎಡಕ್ಕೆ ಎಂದರು, ಚಹಾದಂಗಡಿಯವರು ಬಲಕ್ಕೆ ಎಂದರು, ಒಬ್ಬ ಮುದುಕ ಟ್ರಾಲಿ ಇಲ್ಲೇ ಬಿಟ್ಟು ಹೋಗಲು ಹೇಳಿದ. ಅದೊಂದೇ ಬುದ್ಧಿಯ ಮಾತೆಂದು ರಾಯರಿಗೆ ಅನ್ನಿಸಿತು. ಕೊನೆಗೆ ಟ್ರಾಲಿಯನ್ನು ಕೈಯಿಂದಲೇ ನೂಕಿ ನೇರ ಮಾಡಿಸಿ, ರೋಷನಬಿಯ ಪೇರಲ ಹಣ್ಣುಗಳನ್ನು ಮಂಡಿಯೂರಿ ಆರಿಸಿಕೊಟ್ಟು, ಆಕೆಯ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು ರಾಯರು ಹುಮನಾಬಾದ್ ರಸ್ತೆ ಹಿಡಿದಾಗ ಅವರ ಮುಖ ಕುಂಬಾರನ ಆವಿಗೆಯಂತೆ ಕೆಂಪಾಗಿತ್ತು.

ಊರು ದಾಟಿದ ಮೇಲೆ ಹಿಂದಿನಿಂದ ಬಸ್ಸೊಂದು ಹಾರನ್ ಹೊಡೆಯುತ್ತ ಬೆನ್ನಿಗೆ ಬಿತ್ತು.

"ಸ್ವಲ್ಪ ಒತ್ತರಿ ಸರ್ರ. ನಮ್ಮ ಡಿಪೋದ ಗಾಡಿ, ನೋಡಿದವರು ನಗ್ತಾರ."

"ಟ್ರಾಲಿ ಇದ್ದಾಗ ಜೋರ್ ಹೋಗಬಾರದು."

"ಎತ್ತಿನ ಗಾಡೀನೂ ಮುಂದ ಹೊಂಟದ, ನೋಡ್ರಿ!"

ನಿಜಕ್ಕೂ ಒಂದು ಎತ್ತಿನ ಗಾಡಿ ಮುಂದಿತ್ತು. ಅದನ್ನು ದಾಟಲು ರಾಯರು ಆಕ್ಸಿಲರೇಟರ್ ಒತ್ತಿದರು. ದಾಟಿ ಎಡಕ್ಕೆ ಬಂದದ್ದೇ ತಡ, ಹಿಂದಿನಿಂದ ಯಾರೋ ಜಿಪ್ಸಿಯ ಬಾಲ ಹಿಡಿದು ಜಾಡಿಸಿದಂತಾಯಿತು. ಕನ್ನಡಿಯಲ್ಲಿ ಟ್ರಾಲಿ ಒಮ್ಮೆ ಎಡಕ್ಕೆ ಕಂಡಿತು, ಒಮ್ಮೆ ಬಲಕ್ಕೆ ಕಂಡಿತು. ಹೀಗಾದಾಗ ಬ್ರೇಕು ಒತ್ತಬಾರದು, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಬೇಕು, ಅಷ್ಟೇ. ರಾಯರು ಸರಿಯಾಗಿ ಅದನ್ನೇ ಮಾಡಿದರು. ಟ್ರಾಲಿ ಇನ್ನೇನು ಸಮಾಧಾನಕ್ಕೆ ಬರುವುದರಲ್ಲಿತ್ತು.

"ಬ್ರೇಕ್! ಹೋಲ್ಡಾನ್!" ಎಂದು ಕಿರುಚಿ ಗುರುಲಿಂಗಪ್ಪ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದ.

ಜಿಪ್ಸಿ ಗಿರಕಿ ಹೊಡೆದು, ಬಂದ ದಾರಿಯತ್ತಲೇ ಮುಖ ಮಾಡಿ ನಿಂತಿತು. ಬಸ್ಸಿನವನು ಪಕ್ಕದಿಂದ ಹಾಯ್ದುಹೋಗುತ್ತ ಹೇಳಿದ ಮಾತು ಬರೆಯುವಂಥದ್ದಲ್ಲ. ರಾಯರು ಇಳಿದು ತಾಡಪತ್ರಿ ಎತ್ತಿ ನೋಡಿದರು. ನವಿಲಿನ ಹಲಗೆ ಹಿಂದಿತ್ತು.

"ಇದನ್ನ ತಿರುಗಿಸಿದವರು ಯಾರು?"

"ನಾನೇ ಸರ್ರ. ನಿಮ್ಮ ಜಿಪ್ಸಿ ಮೊದಲೇ ವಯಸ್ಸಾದದ್ದು. ಅದರ ಬೆನ್ನ ಮ್ಯಾಲ ಭಾರ ಯಾಕಂತ ಹಿಂದ ಹಾಕ್ಸಿದೆ."

"ಗುರುಲಿಂಗಪ್ಪನವರ! ನೀವು ನನ್ನ ಸಲುವಾಗಿ ವಿಚಾರ ಮಾಡಬ್ಯಾಡ್ರಿ! ನನ್ನ ಜಿಪ್ಸಿ ಸಲುವಾಗೂ ಮಾಡಬ್ಯಾಡ್ರಿ! ಯಾರ ಸಲುವಾಗೂ ಮಾಡಬ್ಯಾಡ್ರಿ!"

ಮಹಾಗಾಂವ್ ಕ್ರಾಸಿನವರೆಗೆ ನಡೆಯುವ ಮನುಷ್ಯನ ವೇಗದಲ್ಲಿ ಹೋಗಿ, ಹೋಟೆಲಿನ ಮುಂದೆ ನಿಲ್ಲಿಸಿ, ಅಲ್ಲಿದ್ದವರ ಕೈಕಾಲು ಹಿಡಿದು, ತಾಡಪತ್ರಿ ತೆಗೆದುಹಾಕಿ, ಟ್ರಾಲಿ ಕಳಚಿ ಪಲಂಗ ತಿರುಗಿಸಿ ಇಡಿಸಿದರು. ಈ ಸಲ ಕಣ್ಣು ಕದಲಿಸದೆ ನಿಂತು ನೋಡಿದರು. ಕೂಗಿ ಕೂಗಿ ಗಂಟಲು ಒಣಗಿತ್ತು. ನೀರು ಕುಡಿಯಲು ಒಳಗೆ ಹೋದರು. ಬರುವಷ್ಟರಲ್ಲಿ ಗುರುಲಿಂಗಪ್ಪ ಪಲಂಗ ಬಿಗಿದು ಕಟ್ಟಿ ಟ್ರಾಲಿಯನ್ನು ಜಿಪ್ಸಿಗೆ ಸೇರಿಸಿಬಿಟ್ಟಿದ್ದ.

"ಎಲ್ಲಾ ಹಾಕೀರೇನು?"

"ಎಲ್ಲಾ ಬರೋಬರಿ ಹಾಕ್ಯದ ಸರ್ರ."

ಅದೇ ಕೊನೆಯ ಮಾತು, ಇನ್ನು ಅವನೊಡನೆ ಮಾತಾಡುವುದಿಲ್ಲವೆಂದು ನಿರ್ಧರಿಸಿದ ರಾಯರು ಇಳಿದು ನೋಡಲಿಲ್ಲ. ಮುಂದಿನ ದಾರಿಯುದ್ದಕ್ಕೂ ಮುಕ್ತಾಬಾಯಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆಯುತ್ತ ಗಾಡಿ ಓಡಿಸಿದರು. ಟ್ರಾಲಿ ಅಲ್ಲಾಡಲಿಲ್ಲ. ಕಮಲಾಪುರ ಹತ್ತಿರವಾಗಿ ಇಳಿಜಾರು ಬಂತು. ರಾಯರು ಗೇರ್ ಇಳಿಸಿ ನಿಧಾನ ಮಾಡಿದರು. ರಸ್ತೆಯಲ್ಲೊಂದು ತಗ್ಗು ಬಂತು, ಧಡಕ್ ಎಂದಿತು. ಆಮೇಲೆ ಜಿಪ್ಸಿ ಇದ್ದಕ್ಕಿದ್ದಂತೆ ಹಗುರಾಯಿತು.

ಅವರ ಬಲಗಡೆಯಿಂದ ಏನೋ ಸದ್ದಿಲ್ಲದೆ ಮುಂದೆ ಹೋಯಿತು.

"ಯಾರದೋ ಪಲಂಗ ನಮ್ಮನ್ನ ಓವರ್‌ಟೇಕ್ ಮಾಡ್ತು ನೋಡ್ರಿ ಸರ್ರ," ಗುರುಲಿಂಗಪ್ಪ ಕುತೂಹಲದಿಂದ ಕತ್ತು ಉದ್ದ ಮಾಡಿದ. "ಥೇಟ್ ನಮ್ಮದರಂಗೇ ಅದ."

ಪಲಂಗ ರಸ್ತೆ ಬಿಟ್ಟಿತು. ಬೇಲಿ ಮುರಿಯಿತು. ಕೆಂಪು ಬಾಳೆಯ ತೋಟದೊಳಗೆ ಮನೆಯ ಯಜಮಾನನಂತೆ ನುಗ್ಗಿ ಮರೆಯಾಯಿತು.

ರಾಯರು ಗಾಡಿ ನಿಲ್ಲಿಸಿ ಓಡಿದರು. ಕಿರುಬೆರಳು ಹೆಜ್ಜೆ ಹೆಜ್ಜೆಗೂ ಆರ್ತನಾದ ಮಾಡಿತು. ತೋಟದ ನಡುವೆ ಬಾಳೆಗಿಡಗಳಿಗೆ ಆನಿಕೊಂಡು ಟ್ರಾಲಿ ನಿಂತಿತ್ತು. ಅದರ ಮೇಲಿನ ಪಲಂಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ತೋಟದ ಒಡತಿ ಬಂಡಮ್ಮ ಕೈಯಲ್ಲಿ ಕುಡುಗೋಲು ಹಿಡಿದು ಅದರ ಮುಂದೆ ನಿಂತಿದ್ದಳು.

"ಯಾರಪ್ಪಾ ಇದನ್ನ ಬಿಟ್ಟವರು? ದನಾ ಹೊಕ್ಕದ್ದು ಕಂಡೀನಿ, ಹಂದಿ ಹೊಕ್ಕದ್ದು ಕಂಡೀನಿ. ಮಂಚಾ ಹೊಕ್ಕದ್ದು ಇದೇ ಮೊದಲು! ಒಂದೀಟು ಈಚಿ ಬಂದಿದ್ರ ನಾ ಏನಾಗ್ತಿದ್ದೆ?"

ರಾಯರು ರಸ್ತೆಯತ್ತ ತಿರುಗಿ ನೋಡಿದರು. ನಿಜವೇ. ಆ ಕಡೆ ಜನ ಇರಬಹುದಿತ್ತು, ಎದುರಿಗೆ ಗಾಡಿ ಬರಬಹುದಿತ್ತು. ಅವರು ಬಾಗಿ ನೋಡಿದರು. ಪಿನ್ನು ಇರಲಿಲ್ಲ. ಪಿನ್ನು ಹಾರಿದರೂ ಟ್ರಾಲಿಯನ್ನು ಹಿಡಿದು ನಿಲ್ಲಿಸಬೇಕಿದ್ದ ಸರಪಳಿ, ಹಗ್ಗದ ಜೊತೆ ಅಂದವಾಗಿ ಪಲಂಗಕ್ಕೆ ಸುತ್ತಿಕೊಂಡಿತ್ತು.

"ಹಗ್ಗ ಸಾಲಲಿಲ್ಲ ಸರ್ರ," ಹಿಂದಿನಿಂದ ಗುರುಲಿಂಗಪ್ಪನ ಸಣ್ಣ ದನಿ ಬಂತು. "ಸರಪಳಿ ಸುಮ್ಮನ ಜೋತಾಡ್ತಿತ್ತು, ಅದಕ್ಕ..."

"ಕ್ಲಿಪ್ಪು?"

ಗುರುಲಿಂಗಪ್ಪ ಅಂಗಿಯ ಜೇಬಿನಿಂದ ಕ್ಲಿಪ್ಪು ತೆಗೆದು ತೋರಿಸಿದ. "ದಾರ್ಯಾಗ ಎಲ್ಲೆರ ಬೀಳ್ತದಂತ ಭದ್ರ ಇಟ್ಟೀನಿ."

ರಾಯರು ಆಗ ಆಡಿದ ಮಾತುಗಳಿಗೆ ಬಂಡಮ್ಮ ಕುಡುಗೋಲು ಕೆಳಗಿಟ್ಟು ಕೇಳುತ್ತ ನಿಂತಳು. ತಾನು ಬೈಯಬೇಕೆಂದಿದ್ದದ್ದನ್ನೆಲ್ಲ ಇನ್ನೊಬ್ಬರೇ ಇಷ್ಟು ಚೆನ್ನಾಗಿ ಬೈಯುವಾಗ ಆಕೆಗೆ ಕೆಲಸ ಉಳಿಯಲಿಲ್ಲ. ಆದರೂ ಮುರಿದ ಬೇಲಿ ಕಟ್ಟಿಸದೆ, ವಾಲಿದ ಬಾಳೆಗಿಡಗಳಿಗೆಲ್ಲ ಊರುಗೋಲು ಕೊಡಿಸದೆ ಬಿಡಲಿಲ್ಲ. ಬಿಳಿ ಅಂಗಿಯ ತುಂಬ ಬಾಳೆಯ ರಸದ ಕಲೆ, ಮುಳ್ಳಿಗೆ ಹರಿದ ತೋಳು, ಕುಂಟುವ ಕಾಲು ಹೊತ್ತು ರಾಯರು ಮತ್ತೆ ಗಾಡಿ ಏರಿದರು. ಈ ಸಲ ಪಿನ್ನು, ಕ್ಲಿಪ್ಪು, ಸರಪಳಿ ಎಲ್ಲವನ್ನೂ ತಾವೇ ಹಾಕಿದರು. ಪಿನ್ನು ಹುಡುಕಿ ತಂದದ್ದು ಮಾತ್ರ ಗುರುಲಿಂಗಪ್ಪ.

ಮುಕ್ತಾಬಾಯಿ ಮನೆಯ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದರು. ಪಲಂಗ ಕಂಡದ್ದೇ ಅವರ ಕೈಯ ಹತ್ತಿ ಕೆಳಗೆ ಬಿತ್ತು.

"ಇದೇನು ಅಳಿಯಂದ್ರ? ಪಲಂಗ ಯಾಕ ತಂದ್ರಿ?"

ರಾಯರು ದಾರಿಯುದ್ದಕ್ಕೂ ಮಸೆದಿದ್ದನ್ನೆಲ್ಲ ಹೊರಗೆ ತೆಗೆದರು. "ನಿಮ್ಮ ವಸ್ತು ನಿಮ್ಮ ಮನ್ಯಾಗ ಇಟಗೋರಿ ಅತ್ಯಾ! ಆರು ವರ್ಷ ಆತು! ನನ್ನ ಮನೀನೂ ಸಣ್ಣದು, ನನ್ನ ತಾಳ್ಮೀನೂ ಸಣ್ಣದು! ಇನ್ನ ಇದು ನನಗ ಬ್ಯಾಡ!"

ಓಣಿಯವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಮುಕ್ತಾಬಾಯಿ ರಾಯರ ಹರಿದ ಅಂಗಿ ನೋಡಿದರು, ಕುಂಟುವ ಕಾಲು ನೋಡಿದರು. ಅವರ ಕಣ್ಣು ತುಂಬಿ ಬಂತು.

"ನನ್ನ ಮ್ಯಾಲ ಸಿಟ್ಟಾಗೀರಿ. ಆಗಬೇಕಾದದ್ದೇ. ಮೊದಲಿಗೆ ನಾನೂ ಒಂದೆರಡು ಸಲ ಪಲಂಗ ಕಳಸಿಕೊಡು ಅಂತ ಇಂದೂಗ ಕೇಳಿದ್ದೆ. ಅದು ನಿಮ್ಮ ಕಿವಿಗಿ ಬಿದ್ದದ, ನಿಮ್ಮ ಮನಸ್ಸಿಗಿ ಹತ್ಯದ."

"ನೀವು ಕೇಳಿದ್ರಿ?"

"ಕೇಳಿದ್ದೆ. ಆದ್ರ ಇಂದೂ ಎಲ್ಲಾ ಹೇಳಿದಳು. 'ನಮ್ಮವರಿಗೆ ಆ ಪಲಂಗ ಬಿಟ್ಟು ಬ್ಯಾರೇ ಕಡಿ ನಿದ್ದೀನೇ ಹತ್ತೂದಿಲ್ಲ ಅತ್ಯಾ, ಅದರ ಮ್ಯಾಲ ಅವರಿಗೆ ಭಾಳ ಜೀವ' ಅಂತ. ಅದಕ್ಕ ನಾ ಸುಮ್ಮನಾದೆ, ಒಂದು ಸಣ್ಣ ಮಂಚ ತಗೊಂಡೆ. ನೀವು ನೋಡಿದ್ರ, ಇಷ್ಟು ಜೀವ ಇಟಗೊಂಡ ವಸ್ತು, ಮುದುಕೀದು ಅಂತ, ಇಷ್ಟು ತ್ರಾಸ ಪಟ್ಟು..." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

"ಸುಳ್ಳು!" ರಾಯರು ಕಿರುಚಿದರು. "ನಾ ಪಡಸಾಲ್ಯಾಗ ಮಲಗ್ತೀನಿ! ಗುರುರಾಯರ ಆಣಿಗೂ ನನಗ ಇದು ಬ್ಯಾಡ!"

"ನೋಡ್ರೇ ನೋಡ್ರಿ," ಮುಕ್ತಾಬಾಯಿ ಓಣಿಯವರತ್ತ ತಿರುಗಿದರು, "ನನಗ ಕೆಟ್ಟ ಅನಸಬಾರದಂತ ಆಣಿ ಸೈತ ಮಾಡಾಕತ್ತಾರ!"

"ಇಂಥಾ ಅಳಿಯ ಸಿಗಬೇಕಾದ್ರ ಪುಣ್ಯಾ ಮಾಡಿರಬೇಕು" ಎಂದಳು ಎದುರುಮನೆಯಾಕೆ.

ರಾಯರು ಇನ್ನೂ ಜೋರಾಗಿ ಕೂಗಿದರು. ಕೂಗಿದಷ್ಟೂ ಅವರ ದೊಡ್ಡತನ ಬೆಳೆಯುತ್ತ ಹೋಯಿತು. ಕೊನೆಗೆ ಮುಕ್ತಾಬಾಯಿ ಒಳಗಿನಿಂದ ಕುಂಕುಮದ ಬಟ್ಟಲು ತಂದು, ನವಿಲಿನ ಹಣೆಗೂ ರಾಯರ ಹಣೆಗೂ ಕುಂಕುಮ ಹಚ್ಚಿ ಹೇಳಿದರು. "ಈ ಮಂದಿ ಮುಂದ ಹೇಳ್ತೀನಿ. ಇವತ್ತಿನಿಂದ ಈ ಪಲಂಗ ನನ್ನದಲ್ಲ, ಇಂದೂಂದು. ಹಿರೇಳ ಮಾತು ತೆಗೀಬ್ಯಾಡ್ರಿ."

ರಾಯರು ದಿಕ್ಕುಗಾಣದೆ ಸುತ್ತ ನೋಡಿದರು. ಗುರುಲಿಂಗಪ್ಪ ಆಗಲೇ ಹಗ್ಗ ಬಿಗಿಯುತ್ತಿದ್ದ.

"ಒಪ್ಪಿಕೋರಿ ಸರ್ರ. ಖಾಲಿ ಟ್ರಾಲಿ ರಸ್ತೀ ಮ್ಯಾಲ ಹಾರ್ತದ. ಭಾರ ಇದ್ರ ಛಲೋ."

ವಾಪಸು ಬರುವಾಗ ಏನೂ ಆಗಲಿಲ್ಲ. ರಾಯರ ಸಿಟ್ಟು ಹೆಚ್ಚಲು ಅದೂ ಒಂದು ಕಾರಣವಾಯಿತು. ಟ್ರಾಲಿ ಪಳಗಿದ ಎಮ್ಮೆಯ ಹಾಗೆ ಜಿಪ್ಸಿಯ ಹಿಂದೆ ನೇರವಾಗಿ ನಡೆದು ಬಂತು. ಇಂದೂಬಾಯಿಗೆ ಕೇಳಬೇಕಾದ ಪ್ರಶ್ನೆಯನ್ನು ರಾಯರು ಹಲ್ಲಿನ ನಡುವೆ ಕಚ್ಚಿಕೊಂಡು ಖೂಬಾ ಪ್ಲಾಟು ತಲುಪಿದರು.

ಇಂದೂಬಾಯಿ ನಡುಕೋಣೆಯನ್ನು ಗುಡಿಸಿ, ಸಾರಿಸಿ, ಪಲಂಗವಿದ್ದ ಜಾಗದಲ್ಲಿ ಸಣ್ಣ ರಂಗೋಲಿ ಹಾಕಿಟ್ಟಿದ್ದಳು. ಕುಂಕುಮ ಹಚ್ಚಿಸಿಕೊಂಡು ಬಂದ ಪಲಂಗವನ್ನೂ ಗಂಡನನ್ನೂ ನೋಡಿ ಆಕೆಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ನನಗ ಅದರ ಮ್ಯಾಲ ಬಿಟ್ಟು ನಿದ್ದಿ ಹತ್ತೂದಿಲ್ಲಂತ ನಿನಗ ಯಾರು ಹೇಳಿದ್ರು?" ರಾಯರು ಗುಡುಗಿದರು.

"ನಾ ಹುಟ್ಟಿದ್ದು ಅದರ ಮ್ಯಾಲರೀ. ನನಗ ಬೇಕಾಗಿತ್ತು. ನನಗ ಬೇಕು ಅಂದ್ರ ಅತ್ಯಾ ಕೊಡ್ತಿದ್ದಿಲ್ಲ, ಅಳಿಯಂದ್ರಿಗೆ ಬೇಕು ಅಂದ್ರ ಇಲ್ಲ ಅನ್ನೂದಿಲ್ಲ. ಆದ್ರೂ ಇಷ್ಟು ದಿನಾ ಅದು ಆಕೀದೇ ಇತ್ತು. ಯಾವತ್ತರ ಒಯ್ತಾಳೇನೋ ಅಂತ ಜೀವ ಹೊಡ್ಕೋತಿತ್ತು. ಮುಂಜಾನೆ ನೀವು ಟ್ರಾಲಿ ತಂದಾಗ ಅನಕೊಂಡೆ, ಒಯ್ಯಲಿ, ನೀವು ಒಯ್ದು ಮುಂದ ಇಟ್ರ ಆಕೀ ಪೂರಾ ಕೊಟ್ಟೇ ಬಿಡ್ತಾಳಂತ." ಇಂದೂಬಾಯಿ ಸೆರಗು ಸಿಕ್ಕಿಸಿಕೊಂಡು ನವಿಲಿನ ಮೇಲಿನ ಧೂಳು ಒರೆಸತೊಡಗಿದಳು. "ಮಂದಿ ಮುಂದ ಕೊಟ್ಟಳಲ್ಲ?"